ಬಿಲ್ಲಿನ ಮೊತ್ತ ಬದಲಾದದ್ದು ಪರದೆಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಬಸವನಗುಡಿಯ ಒಂದು ದರ್ಶಿನಿಗೆ ಬಿಲ್ಲಿಂಗ್ ವೆಬ್ ಪುಟ ಬರೆದುಕೊಟ್ಟಿದ್ದೇನೆ. ಕೌಂಟರಿನ ಟ್ಯಾಬ್ಲೆಟ್‌ನಲ್ಲಿ ಅದು ಓಡುತ್ತದೆ. ಫ್ರೇಮ್‌ವರ್ಕ್ (ಪುಟ ಕಟ್ಟಲು ಸಿಗುವ ಸಿದ್ಧ ಚೌಕಟ್ಟು) ಬಳಸಿಲ್ಲ, ಬರೀ ಜಾವಾಸ್ಕ್ರಿಪ್ಟ್ ಭಾಷೆ. ಇಡೀ ಬಿಲ್ಲು ‘ಆರ್ಡರ್’ ಎಂಬ ಒಂದೇ ಆಬ್ಜೆಕ್ಟ್‌ನಲ್ಲಿ, ಅಂದರೆ ಹೆಸರಿಟ್ಟ ಮೌಲ್ಯಗಳ (ಪ್ರಾಪರ್ಟಿಗಳ) ಗೊಂಚಲಿನಲ್ಲಿ, ಇದೆ: ತಿಂಡಿಗಳ ಅರೇ (ಪಟ್ಟಿ), ಪಾರ್ಸೆಲ್ ಶುಲ್ಕ, ರಿಯಾಯಿತಿ, ಒಟ್ಟು ಮೊತ್ತ. ಏಳೆಂಟು ಕಡೆಯಿಂದ ಬೇರೆ ಬೇರೆ ಫಂಕ್ಷನ್‌ಗಳು (ಹೆಸರಿಟ್ಟ ಕೋಡ್ ತುಣುಕುಗಳು) ಇದನ್ನು ತಿದ್ದುತ್ತವೆ. ಕೆಲವೊಮ್ಮೆ ತಿಂಡಿ ಸೇರಿಸಿದರೂ ಪರದೆಯ ಮೇಲೆ ಹಳೆಯ ಮೊತ್ತವೇ ಉಳಿಯುತ್ತದೆ. ಹೋದ ಭಾನುವಾರ ಬೆಳಗಿನ ನೂಕುನುಗ್ಗಲಿನಲ್ಲಿ ಪಾರ್ಸೆಲ್ ಶುಲ್ಕ ಸೇರದೆಯೇ ಹಲವು ಬಿಲ್ಲುಗಳು ಹೋದವು. ಕ್ಯಾಷಿಯರ್ ಆ ಹಣವನ್ನು ತನ್ನ ಕೈಯಿಂದ ಕಟ್ಟಿದರಂತೆ. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಈಗ 200 ಮಿಲಿಸೆಕೆಂಡಿಗೊಮ್ಮೆ ಆರ್ಡರನ್ನು ಜೇಸನ್ ಎಂಬ ರೂಪದ ಪಠ್ಯವಾಗಿಸಿ ಹಿಂದಿನ ಪಠ್ಯದೊಂದಿಗೆ ಹೋಲಿಸಿ ನೋಡುವಂತೆ ಮಾಡಿದ್ದೇನೆ. ಟ್ಯಾಬ್ಲೆಟ್ ಬಿಸಿಯಾಗುತ್ತಿದೆ. ವಿಚಿತ್ರವೆಂದರೆ, ಇಷ್ಟಾದ ಮೇಲೂ ಪಾರ್ಸೆಲ್ ತಪ್ಪು ಎರಡು ಸಲ ಮರುಕಳಿಸಿತು. ಗೆಳೆಯರಲ್ಲಿ ಒಬ್ಬ ಆಬ್ಜೆಕ್ಟ್.ಅಬ್ಸರ್ವ್ ಬಳಸು ಎನ್ನುತ್ತಾನೆ, ಇನ್ನೊಬ್ಬ ಮ್ಯುಟೇಶನ್ ಅಬ್ಸರ್ವರ್ ಎನ್ನುತ್ತಾನೆ. ಮೂರನೆಯವನು ಪ್ರಾಕ್ಸಿಯೇ ದಾರಿ, ಆದರೆ ಅದು ನಿಧಾನ, ಎಲ್ಲವನ್ನೂ ಫ್ರೇಮ್‌ವರ್ಕ್‌ಗೆ ಬದಲಿಸಿಬಿಡು ಎನ್ನುತ್ತಾನೆ. ಯಾವುದು ಸರಿ? ಮೌಲ್ಯವನ್ನು ಯಾವ ಸಾಲು ಬದಲಿಸುತ್ತಿದೆ ಎಂದು ಹಿಡಿಯುವುದು ಹೇಗೆ?

ಉತ್ತರ: ಕ್ಯಾಷಿಯರ್ ಕೈಯಿಂದ ಹಣ ಹೋದದ್ದಕ್ಕೆ ನಿಮಗೆ ನಿದ್ದೆ ಬರಲಿಲ್ಲ ಎಂಬ ಸಾಲನ್ನು ಓದಿ ಈ ಉತ್ತರವನ್ನು ವಿವರವಾಗಿಯೇ ಬರೆಯಬೇಕು ಎನ್ನಿಸಿತು. ಬೆಂಗಳೂರಿನಲ್ಲಿ ಹದಿನೆಂಟು ವರ್ಷಗಳಿಂದ ವೆಬ್ ಪುಟಗಳನ್ನು ಬರೆಯುತ್ತಿದ್ದೇನೆ. ಪರದೆ ಒಂದು ಹೇಳಿ, ಒಳಗಿನ ಲೆಕ್ಕ ಇನ್ನೊಂದು ಹೇಳುವ ದೋಷ ನಾನು ಕಂಡ ಎಲ್ಲ ದೋಷಗಳಿಗಿಂತ ಹೆಚ್ಚು ಸಲ ಎದುರಾಗಿದೆ. ಅದರಿಂದ ನಷ್ಟವಾಗುವುದು ಪ್ರೋಗ್ರಾಮರ್‌ಗಿಂತ ಹೆಚ್ಚಾಗಿ ಪರದೆಯ ಮುಂದೆ ನಿಂತು ಕೆಲಸ ಮಾಡುವವರಿಗೆ.

ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಸುಳಿವನ್ನು ನೀವು ‘ವಿಚಿತ್ರವೆಂದರೆ’ ಎಂದು ಬರೆದು ದಾಟಿಹೋಗಿದ್ದೀರಿ. ಸೆಕೆಂಡಿಗೆ ಐದು ಸಲ ಇಡೀ ಆಬ್ಜೆಕ್ಟನ್ನು ಹೋಲಿಸಿ ಪರದೆಯನ್ನು ಹೊಸದಾಗಿ ಬರೆದರೂ ಪಾರ್ಸೆಲ್ ತಪ್ಪು ಉಳಿಯಿತು. ಅಂದರೆ ಪರದೆ ಒಳಗಿನ ಮೊತ್ತವನ್ನು ಸರಿಯಾಗಿಯೇ ತೋರಿಸುತ್ತಿತ್ತು, ಒಳಗಿನ ಮೊತ್ತವೇ ತಪ್ಪಾಗಿತ್ತು. ನಿಮ್ಮಲ್ಲಿ ಇರುವುದು ಎರಡು ಬೇರೆ ಬೇರೆ ದೋಷಗಳು. ಒಂದು, ಬದಲಾವಣೆ ಆದದ್ದು ಪರದೆಗೆ ತಿಳಿಯುತ್ತಿಲ್ಲ. ಇನ್ನೊಂದು, ಪಾರ್ಸೆಲ್ ಶುಲ್ಕವನ್ನು ತಿದ್ದುವ ಫಂಕ್ಷನ್ ಒಟ್ಟು ಮೊತ್ತವನ್ನು ಮತ್ತೆ ಲೆಕ್ಕ ಹಾಕುತ್ತಿಲ್ಲ. ಎಷ್ಟೇ ಚೆನ್ನಾಗಿ ಕಾವಲು ಕಾದರೂ ಎರಡನೆಯದು ಸರಿಹೋಗುವುದಿಲ್ಲ. ಗೆಳೆಯರು ಮೂವರೂ ಮೊದಲನೆಯದಕ್ಕೆ ಮಾತ್ರ ಮದ್ದು ಹೇಳಿದ್ದಾರೆ.

ಬದಲಾವಣೆಯನ್ನು ಭಾಷೆಯೇ ಏಕೆ ತಿಳಿಸುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಆರ್ಡರ್‌ನ ಒಟ್ಟು ಮೊತ್ತಕ್ಕೆ 90 ಎಂದು ನೀವು ಬರೆದಾಗ ಜಾವಾಸ್ಕ್ರಿಪ್ಟ್ ಎಂಜಿನ್ (ಕೋಡನ್ನು ಓಡಿಸುವ ಬ್ರೌಸರಿನ ಭಾಗ) ಆ ಸಂಖ್ಯೆಯನ್ನು ಮೆಮೊರಿಯಲ್ಲಿ ಅದರ ಜಾಗದಲ್ಲಿ ಇಟ್ಟು ಮುಂದಿನ ಸಾಲಿಗೆ ಹೋಗುತ್ತದೆ, ಅಷ್ಟೇ. ಒಂದು ಸಾಧಾರಣ ಪುಟದಲ್ಲಿಯೂ ಇಂಥ ಬರವಣಿಗೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡೆಯಬಹುದು. ಪ್ರತಿಯೊಂದಕ್ಕೂ ‘ಯಾರಾದರೂ ಕೇಳುತ್ತಿದ್ದೀರಾ?’ ಎಂದು ಎಂಜಿನ್ ವಿಚಾರಿಸುತ್ತ ನಿಂತರೆ ಯಾವ ಪುಟವೂ ಓಡುವುದಿಲ್ಲ. ಬಟನ್ ಒತ್ತಿದ್ದನ್ನು ಬ್ರೌಸರ್ ಈವೆಂಟ್ ಆಗಿ ತಿಳಿಸುತ್ತದೆ, ಏಕೆಂದರೆ ಅದು ಹೊರಗಿನ ಮನುಷ್ಯ ಮಾಡಿದ ಕೆಲಸ. ಮೌಲ್ಯ ಬದಲಾದದ್ದು ನಿಮ್ಮದೇ ಕೋಡ್ ಮಾಡಿದ ಕೆಲಸ. ಅದು ನಿಮಗೆ ಮೊದಲೇ ಗೊತ್ತಿದೆ ಎಂದು ಭಾಷೆ ಭಾವಿಸುತ್ತದೆ. ಹಾಗಾಗಿ ನಮಗಿರುವ ದಾರಿಗಳು ಮೂರೇ. ಆಗಾಗ ಹೋಗಿ ನೋಡಿಬರಬಹುದು. ಬರೆಯುವ ಜಾಗದಲ್ಲಿಯೇ ಒಂದು ಗಂಟೆ ಕಟ್ಟಬಹುದು. ಇಲ್ಲವೇ ಹಳೆಯ ಆಬ್ಜೆಕ್ಟನ್ನು ಮುಟ್ಟದೆ, ಪ್ರತಿ ಬದಲಾವಣೆಗೂ ಹೊಸದೊಂದನ್ನು ಮಾಡಿ ಕೈಗಿಡಬಹುದು. ನೀವು ಕೇಳಿರುವ ಎಲ್ಲ ಹೆಸರುಗಳೂ ಈ ಮೂರರ ರೂಪಗಳೇ.

ನಿಮ್ಮ ಮೊದಲ ಗೆಳೆಯ ಸುಳ್ಳು ಹೇಳಿಲ್ಲ, ಹಳೆಯದನ್ನು ಹೇಳಿದ್ದಾನೆ. ಆಬ್ಜೆಕ್ಟ್.ಅಬ್ಸರ್ವ್ ಎಂಬ ಸೌಲಭ್ಯ ನಿಜವಾಗಿಯೂ ಇತ್ತು. 2014ರಲ್ಲಿ ಕ್ರೋಮ್ 36ರಲ್ಲಿ ಅದು ಬಂದಾಗ ನಾವೆಲ್ಲ ಸಂಭ್ರಮಪಟ್ಟಿದ್ದೆವು. ಇನ್ನು ಮುಂದೆ ಭಾಷೆಯೇ ಬದಲಾವಣೆಯನ್ನು ತಿಳಿಸುತ್ತದೆ ಎಂದುಕೊಂಡಿದ್ದೆವು. ಆದರೆ ಬೇರೆ ಬ್ರೌಸರ್‌ಗಳು ಅದನ್ನು ಅಳವಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಲೈಬ್ರರಿಗಳನ್ನು ಬರೆಯುವವರ ಒಲವೂ ಬೇರೆ ಕಡೆಗೆ ಹೋಗಿತ್ತು. 2015ರ ನವೆಂಬರ್‌ನಲ್ಲಿ ಪ್ರಸ್ತಾವ ಮಂಡಿಸಿದವರೇ ಅದನ್ನು ಹಿಂತೆಗೆದುಕೊಂಡರು. 2016ರಲ್ಲಿ ಕ್ರೋಮ್ 50ರಿಂದ ಅದನ್ನು ತೆಗೆದುಹಾಕಲಾಯಿತು. ಅದಕ್ಕೂ ಹಿಂದೆ ಫೈರ್‌ಫಾಕ್ಸ್‌ನಲ್ಲಿ ಮಾತ್ರ ‘ವಾಚ್’ ಎಂಬ ಮೆಥಡ್ ಇತ್ತು. ಅದು ಮಾನಕದಲ್ಲಿ ಎಂದೂ ಸೇರಿರಲಿಲ್ಲ, 2018ರ ಜನವರಿಯಲ್ಲಿ ಬಂದ 58ನೇ ಆವೃತ್ತಿಯಲ್ಲಿ ಇಲ್ಲವಾಯಿತು. ಅಂತರ್ಜಾಲದ ಹಳೆಯ ಉತ್ತರಗಳಲ್ಲಿ ಈ ಎರಡೂ ಇನ್ನೂ ಸಿಗುತ್ತವೆ. ಅವುಗಳನ್ನು ಅನುಕರಿಸುವ ಕೋಡ್ ತುಣುಕುಗಳೂ ಸಿಗುತ್ತವೆ, ಅವುಗಳಲ್ಲಿ ಹಲವು ಒಳಗೊಳಗೆ ನೀವೀಗ ಮಾಡುತ್ತಿರುವಂತೆ ಟೈಮರ್ ಇಟ್ಟು ಹೋಲಿಸುತ್ತವೆ. ದಯವಿಟ್ಟು ಸೇರಿಸಿಕೊಳ್ಳಬೇಡಿ.

ಮ್ಯುಟೇಶನ್ ಅಬ್ಸರ್ವರ್ ಒಳ್ಳೆಯ ಸಲಕರಣೆ, ಆದರೆ ಬೇರೆ ಕೆಲಸಕ್ಕೆ. ಅದು ಪುಟದ ರಚನೆಯನ್ನು ಕಾಯುತ್ತದೆ: ಒಂದು ಟ್ಯಾಗ್ ಸೇರಿತೇ, ಪಠ್ಯ ಬದಲಾಯಿತೇ, ಆಟ್ರಿಬ್ಯೂಟ್ (ಟ್ಯಾಗ್‌ನೊಳಗೆ ಬರೆದ ಗುಣ) ಬದಲಾಯಿತೇ ಎಂದು. ನಿಮ್ಮ ಆರ್ಡರ್ ಪುಟದಲ್ಲಿಲ್ಲ, ಮೆಮೊರಿಯಲ್ಲಿದೆ, ಅದು ಇದರ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು ಸಂಗತಿಯಲ್ಲಿ ಬಹಳ ಜನ ಎಡವುತ್ತಾರೆ. ಇನ್‌ಪುಟ್ ಪೆಟ್ಟಿಗೆಯಲ್ಲಿ ಬಳಕೆದಾರರು ಟೈಪ್ ಮಾಡಿದ ಮೌಲ್ಯವೂ ಮ್ಯುಟೇಶನ್ ಅಬ್ಸರ್ವರ್‌ಗೆ ಕಾಣಿಸುವುದಿಲ್ಲ, ಏಕೆಂದರೆ ಅಲ್ಲಿ ಬದಲಾಗುವುದು ಆಟ್ರಿಬ್ಯೂಟ್ ಅಲ್ಲ, ಪ್ರಾಪರ್ಟಿ. ಅದಕ್ಕೆ ‘ಇನ್‌ಪುಟ್’ ಈವೆಂಟೇ ಸರಿ.

ಇನ್ನು ನಿಮ್ಮ 200 ಮಿಲಿಸೆಕೆಂಡಿನ ಟೈಮರ್. ಗಂಟೆಗೆ 18,000 ಸಲ, ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ದರ್ಶಿನಿ ತೆರೆದಿದ್ದರೆ ದಿನಕ್ಕೆ 2,88,000 ಸಲ ಅದು ಇಡೀ ಆರ್ಡರನ್ನು ಪಠ್ಯವಾಗಿಸುತ್ತದೆ. ಗಿರಾಕಿಗಳೇ ಇಲ್ಲದ ಮಧ್ಯಾಹ್ನ ಮೂರು ಗಂಟೆಗೂ ಅದೇ ವೇಗ. ಟ್ಯಾಬ್ಲೆಟ್ ಬಿಸಿಯಾಗುವುದರಲ್ಲಿ ಇದರ ಪಾಲು ಖಂಡಿತ ಇದೆ. ಇಷ್ಟು ದುಡಿದರೂ ಅದನ್ನು ನಂಬುವಂತಿಲ್ಲ. ಕ್ಯಾಷಿಯರ್ ಬೇರೆ ಟ್ಯಾಬ್‌ಗೆ ಹೋದಾಗ ಹಿನ್ನೆಲೆಗೆ ಸರಿದ ಪುಟದ ಟೈಮರ್‌ಗಳನ್ನು ಕ್ರೋಮ್ ಸೆಕೆಂಡಿಗೊಮ್ಮೆ ಎಂಬಷ್ಟು ನಿಧಾನಗೊಳಿಸುತ್ತದೆ. ಬಹಳ ಹೊತ್ತು ಹಿನ್ನೆಲೆಯಲ್ಲಿದ್ದರೆ ನಿಮಿಷಕ್ಕೊಮ್ಮೆ ಎಂಬಷ್ಟೂ ಆಗಬಹುದು. ಎರಡು ಸುತ್ತುಗಳ ನಡುವೆ ಒಂದು ಮೌಲ್ಯ ಬದಲಾಗಿ ಮತ್ತೆ ಮೊದಲಿನಂತಾದರೆ ಟೈಮರ್‌ಗೆ ಏನೂ ಆಗಿಲ್ಲ ಎಂದೇ ಅರ್ಥ. ಜೇಸನ್ ಪಠ್ಯವೂ ಪೂರ್ತಿ ಸಾಕ್ಷಿಯಲ್ಲ: ಮೌಲ್ಯ ‘ಅನ್‌ಡಿಫೈನ್ಡ್’ ಆದ ಪ್ರಾಪರ್ಟಿ ಪಠ್ಯದಲ್ಲಿ ಬರುವುದೇ ಇಲ್ಲ, ಲೆಕ್ಕ ಕೆಟ್ಟು ‘ನ್ಯಾನ್’ (ಸಂಖ್ಯೆಯಲ್ಲ) ಆದದ್ದು ‘ನಲ್’ (ಏನೂ ಇಲ್ಲ) ಆಗಿಬಿಡುತ್ತದೆ, ಮ್ಯಾಪ್ ಎಂಬ ಜೋಡಿಪಟ್ಟಿಯಲ್ಲಿ ಏನೇ ಇಟ್ಟರೂ ಖಾಲಿ ಆಬ್ಜೆಕ್ಟ್‌ನಂತೆ ಕಾಣುತ್ತದೆ. ಆಗಾಗ ನೋಡಿಬರುವ ವಿಧಾನವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಮ್ಮ ಕೈಯಲ್ಲಿಲ್ಲದ, ಯಾವ ಈವೆಂಟನ್ನೂ ಕೊಡದ ಬೇರೆಯವರ ಕೋಡ್‌ನೊಳಗಿನ ಮೌಲ್ಯವನ್ನು ತಿಳಿಯಲು ಕೆಲವೊಮ್ಮೆ ಅದೊಂದೇ ದಾರಿ. ನಿಮ್ಮ ಆರ್ಡರ್ ನಿಮ್ಮ ಕೈಯಲ್ಲಿಯೇ ಇದೆ.

ಗಂಟೆ ಕಟ್ಟುವ ವಿಧಾನಗಳಲ್ಲಿ ಹಳೆಯದು ಗೆಟರ್ ಮತ್ತು ಸೆಟರ್: ಪ್ರಾಪರ್ಟಿಯನ್ನು ಓದಿದಾಗ ಮತ್ತು ಬರೆದಾಗ ತಾನಾಗಿ ನಡೆಯುವ ಫಂಕ್ಷನ್‌ಗಳು. 2009ರ ಡಿಸೆಂಬರ್‌ನಲ್ಲಿ ಬಂದ ಎಕ್ಮಾಸ್ಕ್ರಿಪ್ಟ್ 5 (ಜಾವಾಸ್ಕ್ರಿಪ್ಟ್‌ನ ಮಾನಕ) ಇವನ್ನು ಕಟ್ಟಲು ನಮಗೆ ಡಿಫೈನ್‌ಪ್ರಾಪರ್ಟಿ ಕೊಟ್ಟಿತು. ‘ಪಾರ್ಸೆಲ್ ಶುಲ್ಕ’ ಎಂಬ ಪ್ರಾಪರ್ಟಿಗೆ ಸೆಟರ್ ಕಟ್ಟಿದರೆ, ಯಾರು ಅದಕ್ಕೆ ಬರೆದರೂ ಮೊದಲು ನಿಮ್ಮ ಫಂಕ್ಷನ್ ನಡೆಯುತ್ತದೆ. ಎರಡು ಮೂರು ಪ್ರಾಪರ್ಟಿಗಳನ್ನಷ್ಟೇ ಕಾಯಬೇಕಾದರೆ ಇದು ಇಂದಿಗೂ ಸಾಕು, ಸರಳ, ವೇಗವಾದದ್ದು. ಆದರೆ ಹೆಸರು ಮೊದಲೇ ಗೊತ್ತಿರುವ ಪ್ರಾಪರ್ಟಿಗೆ ಮಾತ್ರ ಸೆಟರ್ ಕಟ್ಟಬಹುದು. ಹೊಸದಾಗಿ ಸೇರಿದ್ದು ಮತ್ತು ಅಳಿಸಿದ್ದು ಇದಕ್ಕೆ ತಿಳಿಯುವುದಿಲ್ಲ. ಅರೇಗೆ ಪುಷ್ ಮಾಡಿದರೂ (ಕೊನೆಗೆ ಒಂದನ್ನು ಸೇರಿಸಿದರೂ) ಅಷ್ಟೇ: ತಿಂಡಿಗಳ ಪಟ್ಟಿ ಎಂಬ ಪ್ರಾಪರ್ಟಿಯಲ್ಲಿರುವುದು ಅದೇ ಅರೇ, ಅದರ ಒಳಗೆ ಬದಲಾಗಿದೆ, ಆದ್ದರಿಂದ ಸೆಟರ್ ಸುಮ್ಮನಿರುತ್ತದೆ. ವ್ಯೂ ಎಂಬ ಫ್ರೇಮ್‌ವರ್ಕ್‌ನ ಎರಡನೇ ಆವೃತ್ತಿ ಈ ವಿಧಾನದ ಮೇಲೆಯೇ ನಿಂತಿತ್ತು. ಹೊಸ ಪ್ರಾಪರ್ಟಿ ಸೇರಿಸಲು ‘ವ್ಯೂ.ಸೆಟ್’ ಎಂಬ ಬೇರೆ ಫಂಕ್ಷನನ್ನೇ ಕರೆಯಬೇಕಿತ್ತು, ಅದನ್ನು ಮರೆತು ದಿನಗಟ್ಟಲೆ ದೋಷ ಹುಡುಕಿದವರು ನಮ್ಮಲ್ಲಿ ಬಹಳ ಜನ. 2020ರಲ್ಲಿ ಮೂರನೇ ಆವೃತ್ತಿ ಪ್ರಾಕ್ಸಿಗೆ ಬದಲಾದದ್ದಕ್ಕೆ ಇದೊಂದು ದೊಡ್ಡ ಕಾರಣ.

ಪ್ರಾಕ್ಸಿ 2015ರ ಮಾನಕದಲ್ಲಿ ಬಂತು. ನಿಮ್ಮ ಆರ್ಡರ್‌ನ ಮುಂದೆ ಇನ್ನೊಂದು ಆಬ್ಜೆಕ್ಟನ್ನು ನಿಲ್ಲಿಸಿ, ಓದುವುದು, ಬರೆಯುವುದು, ಅಳಿಸುವುದು ಎಲ್ಲವೂ ಅದರ ಮೂಲಕವೇ ಹೋಗುವಂತೆ ಮಾಡುತ್ತದೆ. ಹೊಸ ಪ್ರಾಪರ್ಟಿಯೂ ತಿಳಿಯುತ್ತದೆ, ಅಳಿಸಿದ್ದೂ ತಿಳಿಯುತ್ತದೆ. ‘ನಿಧಾನ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರತಿ ಓದಿಗೂ ಬರವಣಿಗೆಗೂ ಒಂದು ಫಂಕ್ಷನ್ ನಡೆಯುವುದರಿಂದ ನೇರ ಬರವಣಿಗೆಗಿಂತ ಅದು ನಿಧಾನವೇ. ಹತ್ತಾರು ಸಾವಿರ ಸಾಲುಗಳನ್ನು ಲೂಪ್‌ನಲ್ಲಿ ತಿರುವಿಹಾಕುವಾಗ ಅದು ಎದ್ದು ಕಾಣುತ್ತದೆ. ನಾಲ್ಕು ಇಡ್ಲಿ, ಎರಡು ವಡೆ, ಮೂರು ಕಾಫಿಯ ಬಿಲ್ಲಿನಲ್ಲಿ ಮನುಷ್ಯರ ಕಣ್ಣಿಗೆ ಅದು ತಿಳಿಯುವುದಿಲ್ಲ. ನಿಮ್ಮ ಈಗಿನ ಟೈಮರ್‌ಗಿಂತ ಬಹಳ ಹಗುರ.

ಪ್ರಾಕ್ಸಿಯಲ್ಲಿ ಅಪಾಯ ಇರುವುದು ವೇಗದಲ್ಲಲ್ಲ, ಬೇರೆ ಕಡೆ. ಪ್ರಾಕ್ಸಿ ಮತ್ತು ಅದರ ಹಿಂದಿನ ಮೂಲ ಆಬ್ಜೆಕ್ಟ್ ಎರಡು ಬೇರೆ ಬೇರೆ ವಸ್ತುಗಳು. ನಿಮ್ಮ ಏಳೆಂಟು ಫಂಕ್ಷನ್‌ಗಳಲ್ಲಿ ಒಂದು ಮೂಲವನ್ನೇ ಹಿಡಿದುಕೊಂಡು ಕೂತಿದ್ದರೆ, ಅದು ಬರೆದದ್ದು ಯಾರಿಗೂ ಕೇಳಿಸುವುದಿಲ್ಲ. ಒಳಗಿನ ತಿಂಡಿಗಳ ಅರೇ, ಅದರೊಳಗಿನ ಒಂದೊಂದು ತಿಂಡಿ ಇವುಗಳಿಗೂ ಬೇರೆಯಾಗಿ ಪ್ರಾಕ್ಸಿ ಬೇಕು, ಹೊರಗಿನದು ಒಳಗಿನದನ್ನು ತಾನಾಗಿ ಕಾಯುವುದಿಲ್ಲ. ಓದಿದಾಗಲೆಲ್ಲ ಹೊಸ ಪ್ರಾಕ್ಸಿ ಮಾಡಿಕೊಟ್ಟರೆ ಒಂದೇ ಇಡ್ಲಿ ಎರಡು ಸಲ ಓದಿದಾಗ ಎರಡು ಬೇರೆ ವಸ್ತುಗಳಾಗುತ್ತವೆ, ಆದ್ದರಿಂದ ಮಾಡಿದ ಪ್ರಾಕ್ಸಿಗಳನ್ನು ವೀಕ್‌ಮ್ಯಾಪ್‌ನಲ್ಲಿ (ಮೂಲಕ್ಕೆ ಅದರ ಪ್ರಾಕ್ಸಿಯನ್ನು ಜೋಡಿಸಿಡುವ ಪಟ್ಟಿ) ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ ಒಂದು ಕಂದಕ ಉಳಿಯುತ್ತದೆ. ಬಿಲ್ಲಿನಿಂದ ಒಂದು ತಿಂಡಿಯನ್ನು ತೆಗೆಯುವಾಗ ಬಹಳ ಜನ ಮಾಡುವುದು ಇಂಡೆಕ್ಸ್‌ಆಫ್‌ನಿಂದ ಅದರ ಸ್ಥಾನ ಹುಡುಕಿ ಸ್ಪ್ಲೈಸ್‌ನಿಂದ ಕತ್ತರಿಸುವುದು. ಹುಡುಕುವ ಕೈಯಲ್ಲಿ ಮೂಲವಿದ್ದು, ಪಟ್ಟಿಯಿಂದ ಪ್ರಾಕ್ಸಿ ಹೊರಬರುತ್ತಿದ್ದರೆ ಹೋಲಿಕೆ ಕೂಡುವುದಿಲ್ಲ, -1 ಸಿಗುತ್ತದೆ. ಸ್ಪ್ಲೈಸ್‌ಗೆ -1 ಎಂದರೆ ಪಟ್ಟಿಯ ಕೊನೆಯದು. ಇಡ್ಲಿ ತೆಗೆಯಿರಿ ಎಂದರೆ ಕಾಫಿ ಹೋಗುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಸ್ಥಾನ -1 ಆಗಿದ್ದರೆ ಅಲ್ಲಿಯೇ ನಿಲ್ಲಿಸುವ ಒಂದು ಸಾಲು ಯಾವಾಗಲೂ ಇರಲಿ. ಅದಕ್ಕಿಂತ ಒಳ್ಳೆಯದು, ಪ್ರತಿ ಸಾಲಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ಅದರಿಂದಲೇ ಹುಡುಕುವುದು.

ಇನ್ನೂ ಕೆಲವು ಮುಳ್ಳುಗಳಿವೆ, ಬೇಗ ಹೇಳಿಬಿಡುತ್ತೇನೆ. ಬರೆಯುವ ಟ್ರ್ಯಾಪ್ (ಬರೆದಾಗ ಪ್ರಾಕ್ಸಿ ಕರೆಯುವ ಫಂಕ್ಷನ್) ‘ಟ್ರೂ’ ಹಿಂತಿರುಗಿಸದಿದ್ದರೆ ಸ್ಟ್ರಿಕ್ಟ್ ಮೋಡ್ ಎಂಬ ಕಟ್ಟುನಿಟ್ಟಿನ ವಿಧದಲ್ಲಿ ಟೈಪ್‌ಎರರ್ ಎಂಬ ದೋಷ ಬರುತ್ತದೆ, ಮಾಡ್ಯೂಲ್‌ಗಳೆಲ್ಲ (ಬೇರೆಯಾಗಿಟ್ಟ ಕೋಡ್ ಕಡತಗಳು) ಸ್ಟ್ರಿಕ್ಟ್ ಮೋಡ್‌ನಲ್ಲಿಯೇ ಓಡುತ್ತವೆ. ಅರೇಗೆ ಒಂದು ಸಲ ಪುಷ್ ಮಾಡಿದರೆ ಟ್ರ್ಯಾಪ್ ಎರಡು ಸಲ ನಡೆಯುತ್ತದೆ, ಸ್ಥಾನಕ್ಕೊಮ್ಮೆ, ಉದ್ದಕ್ಕೊಮ್ಮೆ. ದರಪಟ್ಟಿಯನ್ನು ಯಾರೂ ತಿದ್ದದಿರಲಿ ಎಂದು ನೀವು ಫ್ರೀಜ್ ಮಾಡಿಟ್ಟಿದ್ದರೆ, ಅದರೊಳಗಿನ ಆಬ್ಜೆಕ್ಟ್‌ಗೆ ಬದಲಾಗಿ ಪ್ರಾಕ್ಸಿಯನ್ನು ಹಿಂತಿರುಗಿಸಲು ಭಾಷೆ ಬಿಡುವುದಿಲ್ಲ, ಟೈಪ್‌ಎರರ್ ಕೊಡುತ್ತದೆ. ಮ್ಯಾಪ್, ಸೆಟ್, ಡೇಟ್ ಇವುಗಳನ್ನು ಪ್ರಾಕ್ಸಿಯಲ್ಲಿ ಹಾಗೆಯೇ ಸುತ್ತಿದರೆ ಅವುಗಳ ಮೆಥಡ್‌ಗಳು ಕೆಲಸ ಮಾಡುವುದಿಲ್ಲ. ಬಿಲ್ಲನ್ನು ಇಂಡೆಕ್ಸ್ಡ್‌ಡಿಬಿ ಎಂಬ ಬ್ರೌಸರಿನ ಡೇಟಾಬೇಸ್‌ನಲ್ಲಿ ಉಳಿಸಲು ಹೋದಾಗ, ಪ್ರಾಕ್ಸಿಯನ್ನು ನಕಲು ಮಾಡಲಾಗದು ಎಂಬ ಡೇಟಾಕ್ಲೋನ್‌ಎರರ್ ಎದುರಾಗುತ್ತದೆ, ಅಲ್ಲಿಗೆ ಮೂಲವನ್ನೇ ಕೊಡಬೇಕು. ಹಳೆಯ ಮತ್ತು ಹೊಸ ಮೌಲ್ಯಗಳನ್ನು ಹೋಲಿಸಲು ಆಬ್ಜೆಕ್ಟ್.ಈಸ್ ಬಳಸಿ, ಇಲ್ಲದಿದ್ದರೆ ‘ನ್ಯಾನ್’ ತನಗೆ ತಾನೇ ಸಮವಲ್ಲವಾದ್ದರಿಂದ ಪ್ರತಿ ಸಲವೂ ಬದಲಾವಣೆಯಾದಂತೆ ಗಂಟೆ ಹೊಡೆಯುತ್ತದೆ.

ಕಾವಲಿನ ಫಂಕ್ಷನ್ ಕಾಯುತ್ತಿರುವ ಆಬ್ಜೆಕ್ಟ್‌ಗೇ ಮತ್ತೆ ಬರೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಕೆಲವು ವರ್ಷಗಳ ಹಿಂದೆ ಪೀಣ್ಯದ ಕಾರ್ಖಾನೆಯೊಂದರ ದಾಸ್ತಾನು ಪುಟದಲ್ಲಿ ನಮ್ಮ ತಂಡಕ್ಕೆ ಇದು ಆಯಿತು. ಯಾವ ಮೌಲ್ಯ ಬದಲಾದರೂ ‘ಕೊನೆಯ ಬದಲಾವಣೆಯ ಸಮಯ’ವನ್ನು ಅದೇ ಆಬ್ಜೆಕ್ಟ್‌ನಲ್ಲಿ ಬರೆಯುವಂತೆ ಮಾಡಿದ್ದೆವು. ಆ ಬರವಣಿಗೆಯೂ ಬದಲಾವಣೆಯೇ ಅಲ್ಲವೇ? ಅದು ಮತ್ತೆ ಕಾವಲನ್ನು ಎಬ್ಬಿಸಿತು. ನೇರವಾಗಿ ಕರೆದಿದ್ದರೆ ಸ್ಟ್ಯಾಕ್ (ಒಂದರೊಳಗೊಂದು ಕರೆದ ಫಂಕ್ಷನ್‌ಗಳ ಅಟ್ಟಿ) ತುಂಬಿತು ಎಂಬ ದೋಷವಾದರೂ ಕಾಣುತ್ತಿತ್ತು. ನಾವು ಪರದೆಯ ಕೆಲಸವನ್ನು ಮೈಕ್ರೋಟಾಸ್ಕ್‌ಗೆ, ಅಂದರೆ ಈಗಿನ ಕೋಡ್ ಮುಗಿದೊಡನೆ ನಡೆಯುವ ಸರದಿಗೆ, ಮುಂದೂಡಿದ್ದರಿಂದ ದೋಷವೂ ಬರಲಿಲ್ಲ. ಒಂದು ಮೈಕ್ರೋಟಾಸ್ಕ್ ಇನ್ನೊಂದನ್ನು ಹುಟ್ಟಿಸುತ್ತ ಹೋಯಿತು, ಬ್ರೌಸರ್‌ಗೆ ಪರದೆ ಬಿಡಿಸಲು ಬಿಡುವೇ ಸಿಗಲಿಲ್ಲ, ಪುಟ ಕಲ್ಲಿನಂತೆ ನಿಂತಿತು. ಉಗ್ರಾಣದ ಮೇಲ್ವಿಚಾರಕರು ಅರ್ಧ ದಿನ ಕಾಗದದ ಮೇಲೆ ಲೆಕ್ಕ ಬರೆದುಕೊಂಡರು. ಆ್ಯಂಗ್ಯುಲರ್‌ಜೆಎಸ್ ಎಂಬ ಹಳೆಯ ಫ್ರೇಮ್‌ವರ್ಕ್‌ನಲ್ಲಿ ಹತ್ತು ಸುತ್ತು ತಿರುಗಿದರೂ ಮೌಲ್ಯಗಳು ಸ್ಥಿರವಾಗದಿದ್ದರೆ ದೋಷವೆಸೆದು ನಿಲ್ಲಿಸುವ ಮಿತಿಯೊಂದು ಇತ್ತು. ಅದನ್ನು ಏಕೆ ಇಟ್ಟಿದ್ದರೆಂದು ನನಗೆ ಅಂದು ಚೆನ್ನಾಗಿ ಅರ್ಥವಾಯಿತು. ಅಂದಿನಿಂದ ನಾನು ಹಿಡಿದಿರುವ ಕಟ್ಟುಪಾಡು ಒಂದೇ: ಕಾವಲಿನ ಫಂಕ್ಷನ್ ಪರದೆಗೆ ಬರೆಯಬಹುದು, ಆಬ್ಜೆಕ್ಟ್‌ಗೆ ಬರೆಯಬಾರದು.

ಯಾವ ಕಾವಲಿಗೂ ನಿಲುಕದ ಸಂಗತಿಯೊಂದಿದೆ. ‘ಹೊಸ ಬಿಲ್’ ಒತ್ತಿದಾಗ ನೀವು ಆರ್ಡರ್ ಎಂಬ ವೇರಿಯಬಲ್‌ಗೆ ಹೊಸ ಆಬ್ಜೆಕ್ಟನ್ನೇ ಇಡುತ್ತೀರಾ? ಹಾಗಿದ್ದರೆ ಸೆಟರ್ ಆಗಲಿ, ಪ್ರಾಕ್ಸಿ ಆಗಲಿ ಹಳೆಯ ಬಿಲ್ಲಿನ ಬಾಗಿಲಲ್ಲಿಯೇ ನಿಂತಿರುತ್ತವೆ, ಹೊಸ ಬಿಲ್ಲಿಗೆ ಕಾವಲೇ ಇರುವುದಿಲ್ಲ. ನೀವು ಹೇಳಿದ ಮೊದಲ ದೋಷ ‘ಕೆಲವೊಮ್ಮೆ’ ಮಾತ್ರ ಕಾಣುವುದಕ್ಕೆ ಇಂಥದ್ದೇ ಕಾರಣವಿರಬಹುದು: ಪರದೆಗೆ ಬರೆಯುವ ಫಂಕ್ಷನ್ ಹಿಂದಿನ ಆಬ್ಜೆಕ್ಟನ್ನು ಹಿಡಿದುಕೊಂಡಿರಬಹುದು. ಇದನ್ನು ಮೊದಲು ನೋಡಿ.

ಫ್ರೇಮ್‌ವರ್ಕ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಿಯಾಕ್ಟ್ ಮೂರನೆಯ ದಾರಿ ಹಿಡಿದಿದೆ: ಹಳೆಯದನ್ನು ಮುಟ್ಟಬೇಡಿ, ಹೊಸದನ್ನು ಕೊಡಿ, ಎರಡೂ ಒಂದೇ ವಸ್ತುವೇ ಎಂದಷ್ಟೇ ನೋಡುತ್ತೇನೆ ಎನ್ನುತ್ತದೆ. ಹಳೆಯ ಅರೇಗೇ ಪುಷ್ ಮಾಡಿ ಅದನ್ನೇ ಕೊಟ್ಟರೆ ಅಲ್ಲಿಯೂ ಪರದೆ ಬದಲಾಗುವುದಿಲ್ಲ. ವ್ಯೂ ಮತ್ತು ಸ್ವೆಲ್ಟ್‌ನ ಐದನೇ ಆವೃತ್ತಿ ಪ್ರಾಕ್ಸಿಯನ್ನು ಒಳಗೆ ಅಡಗಿಸಿಟ್ಟುಕೊಂಡಿವೆ, ಮೇಲೆ ಹೇಳಿದ ಮುಳ್ಳುಗಳಲ್ಲಿ ಕೆಲವನ್ನು ಅವೇ ಕಿತ್ತಿವೆ. ಮುಂದಿನ ಯೋಜನೆಗೆ ಧಾರಾಳವಾಗಿ ಆರಿಸಿಕೊಳ್ಳಿ. ಆದರೆ ದಿನವೂ ಹಣ ಎಣಿಸುತ್ತಿರುವ ಪುಟವನ್ನು ದೋಷ ಎಲ್ಲಿದೆಯೆಂದು ತಿಳಿಯುವ ಮೊದಲೇ ಹೊಸದಾಗಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. ತಪ್ಪು ಲೆಕ್ಕವೂ ಹೊಸ ಮನೆಗೆ ಜೊತೆಯಲ್ಲಿಯೇ ಬರುತ್ತದೆ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಆರ್ಡರ್‌ನಿಂದ ‘ಒಟ್ಟು ಮೊತ್ತ’ ಎಂಬ ಪ್ರಾಪರ್ಟಿಯನ್ನೇ ಕಿತ್ತುಹಾಕುತ್ತಿದ್ದೆ. ತಿಂಡಿಗಳು, ಪಾರ್ಸೆಲ್ ಶುಲ್ಕ, ರಿಯಾಯಿತಿ ಇವು ಕ್ಯಾಷಿಯರ್ ಹೇಳಿದ ಸತ್ಯಗಳು. ಮೊತ್ತ ಅವುಗಳಿಂದ ಹುಟ್ಟುವ ಉತ್ತರ. ಉತ್ತರವನ್ನು ಬೇರೆಯಾಗಿ ಬರೆದಿಟ್ಟ ಕ್ಷಣದಿಂದ ಅದು ಹಳಸಲು ತೊಡಗುತ್ತದೆ, ಅದನ್ನು ತಾಜಾ ಇಡುವ ಹೊಣೆ ಏಳೆಂಟು ಫಂಕ್ಷನ್‌ಗಳ ಮೇಲೆ ಬೀಳುತ್ತದೆ, ಒಂದು ಮರೆತರೆ ಸಾಕು. ಕೇಳಿದಾಗಲೆಲ್ಲ ಲೆಕ್ಕ ಹಾಕಿ ಕೊಡುವ ಒಂದು ಗೆಟರ್ ಬರೆಯಿರಿ. ಹತ್ತು ಹದಿನೈದು ಸಾಲುಗಳನ್ನು ಕೂಡುವುದು ಟ್ಯಾಬ್ಲೆಟ್‌ಗೆ ಲೆಕ್ಕಕ್ಕೇ ಬಾರದ ಕೆಲಸ. ಪರದೆಯೂ ಮುದ್ರಣವೂ ಅದೇ ಗೆಟರ್‌ನಿಂದ ಓದಲಿ. ಹೀಗೆ ಮಾಡಿದರೆ ಪರದೆ ಒಂದು ಕ್ಷಣ ಹಿಂದೆ ಬಿದ್ದರೂ ಕಾಗದದ ಮೇಲೆ ತಪ್ಪು ಮೊತ್ತ ಬರುವುದಿಲ್ಲ. ಇದರ ಜೊತೆಗೆ ಇನ್ನೊಂದು ಮಾತು: ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ. 0.1 ಮತ್ತು 0.2 ಕೂಡಿಸಿದರೆ ಜಾವಾಸ್ಕ್ರಿಪ್ಟ್ 0.30000000000000004 ಎನ್ನುತ್ತದೆ. ಶೇಕಡಾ 5ರ ಜಿಎಸ್‌ಟಿ ಸೇರಿಸುವ ಬಿಲ್ಲಿನಲ್ಲಿ ಈ ಬಾಲ ಎಂದಾದರೂ ಒಂದು ದಿನ ಕಾಲಿಗೆ ತೊಡರುತ್ತದೆ.

ಆಮೇಲೆ ಬಾಗಿಲು ಒಂದೇ ಇರುವಂತೆ ಮಾಡಿ. ಏಳೆಂಟು ಫಂಕ್ಷನ್‌ಗಳು ಆರ್ಡರನ್ನು ನೇರವಾಗಿ ಮುಟ್ಟುವ ಬದಲು ‘ತಿಂಡಿ ಸೇರಿಸು’, ‘ತಿಂಡಿ ತೆಗೆ’, ‘ಪಾರ್ಸೆಲ್ ಬದಲಿಸು’, ‘ರಿಯಾಯಿತಿ ಕೊಡು’, ‘ಹೊಸ ಬಿಲ್’ ಎಂಬ ಐದು ಫಂಕ್ಷನ್‌ಗಳನ್ನು ಕರೆಯಲಿ. ಅವೆಲ್ಲವೂ ಒಂದೇ ಮಾಡ್ಯೂಲ್‌ನಲ್ಲಿರಲಿ, ಆರ್ಡರ್ ಆ ಮಾಡ್ಯೂಲ್‌ನ ಹೊರಗೆ ಕಾಣದಿರಲಿ. ಪ್ರತಿಯೊಂದೂ ತನ್ನ ಕೆಲಸ ಮುಗಿಸಿ ಕೊನೆಗೆ ‘ಬದಲಾಯಿತು’ ಎಂದು ಪರದೆಗೆ ತಿಳಿಸಲಿ. ಇಲ್ಲಿ ಮಾಯಾಜಾಲವಿಲ್ಲ, ಪ್ರಾಕ್ಸಿಯೂ ಬೇಡ. ನಿಮ್ಮ ನಂತರ ಈ ಕೋಡ್ ಓದುವ ಹುಡುಗ ಅಥವಾ ಹುಡುಗಿಗೆ ಬಿಲ್ಲು ಎಲ್ಲೆಲ್ಲಿ ಬದಲಾಗಬಹುದು ಎಂಬುದು ಒಂದೇ ಕಡತದಲ್ಲಿ ಕಾಣುತ್ತದೆ. ಪ್ರಾಕ್ಸಿಯನ್ನು ನಾನು ಬಳಸುವುದು, ಬರೆಯುವ ಕೋಡ್ ನನ್ನ ಕೈಯಲ್ಲಿಲ್ಲದಾಗ ಅಥವಾ ಪ್ರಾಪರ್ಟಿಗಳ ಹೆಸರೇ ಮೊದಲು ಗೊತ್ತಿಲ್ಲದಾಗ. ಈ ವಿಧಾನಕ್ಕೂ ಒಂದು ದೌರ್ಬಲ್ಯವಿದೆ. ಯಾರಾದರೂ ಅವಸರದಲ್ಲಿ ಆ ಮಾಡ್ಯೂಲ್‌ನಿಂದ ಆರ್ಡರನ್ನೇ ಹೊರಗೆ ಕೊಟ್ಟುಬಿಟ್ಟರೆ ಬಾಗಿಲು ಮುರಿದಂತೆ. ಓದಲು ಕೊಡುವಾಗ ಫ್ರೀಜ್ ಮಾಡಿದ ನಕಲನ್ನು ಕೊಡಿ. ಫ್ರೀಜ್ ಮೇಲ್ಪದರಕ್ಕೆ ಮಾತ್ರ ತಗಲುತ್ತದೆ ಎಂಬುದು ನೆನಪಿರಲಿ, ಒಳಗಿನ ಅರೇಗೂ ಅದರೊಳಗಿನ ಒಂದೊಂದು ತಿಂಡಿಗೂ ಬೇರೆಯಾಗಿ ಮಾಡಬೇಕು.

ಅಡುಗೆಮನೆಯಲ್ಲಿ ಇನ್ನೊಂದು ಪರದೆ ಇಡುವ ಯೋಚನೆ ಮಾಲೀಕರಿಗೆ ಮುಂದೆ ಬಂದರೆ, ಇಲ್ಲಿ ಹೇಳಿದ ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಅದು ಬೇರೆ ಯಂತ್ರ. ಬದಲಾವಣೆ ಸರ್ವರ್ ಮೂಲಕ, ವೆಬ್‌ಸಾಕೆಟ್‌ನಂಥ ಸದಾ ತೆರೆದಿರುವ ದಾರಿಯಲ್ಲಿ ಹೋಗಬೇಕು. ಆಗಲೂ ಆ ಐದು ಫಂಕ್ಷನ್‌ಗಳ ಕೊನೆಯಲ್ಲಿ ಒಂದೊಂದು ಸಾಲು ಸೇರಿಸಿದರೆ ಸಾಕು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಬದಲಿಸುವ ಸಾಲನ್ನು ಹಿಡಿಯುವುದು ಹೇಗೆ ಎಂಬುದು. ಕನ್ಸೋಲ್‌ನಲ್ಲಿ (ಬ್ರೌಸರಿನ ಸಂದೇಶ ಫಲಕ) ಆಬ್ಜೆಕ್ಟನ್ನು ಮುದ್ರಿಸಿ ನೋಡುವುದನ್ನು ನಂಬಬೇಡಿ. ಬಾಣದ ಗುರುತನ್ನು ಒತ್ತಿ ಬಿಚ್ಚಿದಾಗ ಕಾಣುವುದು ಬಿಚ್ಚಿದ ಕ್ಷಣದ ಮೌಲ್ಯ, ಮುದ್ರಿಸಿದ ಕ್ಷಣದ್ದಲ್ಲ. ‘ಮೊದಲೇ ಸರಿಯಾಗಿತ್ತಲ್ಲ’ ಎಂದು ಎಷ್ಟೋ ಜನರನ್ನು ಇದು ದಾರಿ ತಪ್ಪಿಸಿದೆ. ಕಂಪ್ಯೂಟರಿನಲ್ಲಿ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆಯಿರಿ. 2020ರ ಜನವರಿಯಲ್ಲಿ ಬಂದ 72ನೇ ಆವೃತ್ತಿಯಿಂದ ಅದರ ಡಿಬಗರ್‌ನಲ್ಲಿ (ದೋಷ ಹುಡುಕುವ ಸಲಕರಣೆ) ವಾಚ್‌ಪಾಯಿಂಟ್ ಸೌಲಭ್ಯವಿದೆ. ಬ್ರೇಕ್‌ಪಾಯಿಂಟ್ ಇಟ್ಟು ಕೋಡನ್ನು ಒಂದು ಕಡೆ ನಿಲ್ಲಿಸಿ, ಸ್ಕೋಪ್ ಪಟ್ಟಿಯಲ್ಲಿ ಆರ್ಡರನ್ನು ಬಿಚ್ಚಿ, ‘ಪಾರ್ಸೆಲ್ ಶುಲ್ಕ’ದ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ, ಅದಕ್ಕೆ ಬರೆದಾಗ ನಿಲ್ಲಿಸುವ ಆಯ್ಕೆಯನ್ನು ಆರಿಸಿ. ಮುಂದೆ ಯಾವ ಸಾಲು ಅದನ್ನು ಮುಟ್ಟಿದರೂ ಅಲ್ಲಿಯೇ ನಿಲ್ಲುತ್ತದೆ, ಪಕ್ಕದಲ್ಲಿ ಯಾರು ಯಾರನ್ನು ಕರೆದು ಅಲ್ಲಿಗೆ ಬಂದರು ಎಂಬ ಸರಣಿ ಕಾಣುತ್ತದೆ. ಕ್ರೋಮ್‌ನಲ್ಲಿಯೇ ನೋಡಬೇಕೆಂದಿದ್ದರೆ ಆ ಪ್ರಾಪರ್ಟಿಗೆ ತಾತ್ಕಾಲಿಕವಾಗಿ ಒಂದು ಸೆಟರ್ ಕಟ್ಟಿ, ಅದರೊಳಗೆ ಅದೇ ಸರಣಿಯನ್ನು ತೋರಿಸುವ ಕನ್ಸೋಲ್.ಟ್ರೇಸ್ ಬರೆಯಿರಿ. ಟ್ಯಾಬ್ಲೆಟ್ ಆಂಡ್ರಾಯ್ಡ್ ಆಗಿದ್ದರೆ ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಅದರ ಕ್ರೋಮ್ ಪುಟವನ್ನು ಕಂಪ್ಯೂಟರಿನಿಂದಲೇ ಪರಿಶೀಲಿಸಬಹುದು. ಕೆಲಸ ಮುಗಿದ ಮೇಲೆ ಆ ಸೆಟರನ್ನು ತೆಗೆಯಲು ಮರೆಯಬೇಡಿ.

ಇದನ್ನು ದರ್ಶಿನಿ ಮುಚ್ಚಿದ ಮೇಲೆ, ರಾತ್ರಿ ಮಾಡಿ. ಪರೀಕ್ಷೆಗೆ ಭಾನುವಾರದ ಬಿಲ್ಲುಗಳನ್ನೇ ತೆಗೆದುಕೊಳ್ಳಿ: ಒಂದು ಮಸಾಲೆ ದೋಸೆ ಸೇರಿಸಿ, ಪಾರ್ಸೆಲ್ ಒತ್ತಿ, ಇನ್ನೊಂದು ತಿಂಡಿ ಸೇರಿಸಿ, ಪಾರ್ಸೆಲ್ ತೆಗೆದು ಮತ್ತೆ ಒತ್ತಿ, ಬೇರೆ ಟ್ಯಾಬ್‌ಗೆ ಹೋಗಿ ಬನ್ನಿ, ‘ಹೊಸ ಬಿಲ್’ ಒತ್ತಿ ಮತ್ತೆ ಮೊದಲಿನಿಂದ ಮಾಡಿ. ಪ್ರತಿ ಹೆಜ್ಜೆಯಲ್ಲಿಯೂ ಪರದೆಯ ಮೊತ್ತವನ್ನು ಕಾಗದದ ಮೇಲೆ ನೀವೇ ಕೂಡಿದ ಮೊತ್ತದೊಂದಿಗೆ ಹೋಲಿಸಿ. ಸಾಧ್ಯವಾದರೆ ಆ ಕ್ಯಾಷಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವ ಕ್ರಮದಲ್ಲಿ ಒತ್ತಿದಾಗ ಮೊತ್ತ ತಪ್ಪುತ್ತಿತ್ತು ಎಂಬುದು ಅವರ ಬೆರಳಿಗೆ ಗೊತ್ತಿರುತ್ತದೆ. ಅವರು ಕಟ್ಟಿದ ಹಣ ಎಷ್ಟೆಂದು ಹಳೆಯ ಬಿಲ್ಲುಗಳಿಂದ ಲೆಕ್ಕ ಹಾಕಿ, ದೋಷ ಕೋಡ್‌ನಲ್ಲಿತ್ತು ಎಂದು ಮಾಲೀಕರಿಗೆ ಬರೆದುಕೊಡಿ.